ಕೌದಿಯ ಹೊಟ್ಟೆ

ಗಣೇಶಗುಡಿ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಮಾರ್ಗರೀಟಾ,

ಎಂಟು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಅದಕ್ಕೇ ಅದನ್ನು ಬಿಟ್ಟಿದ್ದೇನೆ. ನೀನು, ನೀಲಂ, ನಿಮ್ಮ ಕುಂಟೆಮ್ಮೆ, ಎಲ್ಲರೂ ಚೆನ್ನಾಗಿರಿ. ತಡಮಾಡಿದ್ದಕ್ಕೆ ಬೈದುಕೋ, ಬೈಯುವಷ್ಟು ಸಲಿಗೆ ಇನ್ನೂ ಉಳಿದಿದ್ದರೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ನಿನಗೆ ಓದಲು ಬರುವುದಿಲ್ಲ, ನೀಲಂ ಓದಿ ಹೇಳುತ್ತಾಳೆ ಎಂದುಕೊಂಡೇ ಬರೆಯುತ್ತಿದ್ದೇನೆ. ನೀಲಂ, ಅವ್ವನಿಗೆ ಎಲ್ಲವನ್ನೂ ಓದವ್ವ, ಸಹಿಯ ಕೆಳಗಿರುವುದನ್ನೂ. ನಡುವೆ ಅವಳು "ಸಾಕ್ ಬಿಡ" ಅಂದರೂ ನಿಲ್ಲಿಸಬೇಡ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಸೋಮವಾರದೊಳಗೆ ನಾನು ಈ ರೆಸಾರ್ಟಿನ ಮ್ಯಾನೇಜರಿಗೆ ಉತ್ತರ ಕೊಡಬೇಕು. ಅವನು ಹೇಳಿದ ಹಾಗೆ ಕೌದಿಯ ಮುಂದೆ ಕೂತಿರಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ನನಗೆ ಇಲ್ಲಿ ಬೇಸರವಾಗಿಲ್ಲ ಮಾರ್ಗರೀಟಾ, ಹೇಸಿಗೆಯಾಗಿದೆ. ಬಟ್ಟೆಯ ಗಂಟು ಹೊತ್ತುಕೊಂಡು ಹಳಿಯಾಳದ ಬಸ್ಸು ಹತ್ತಿ ನಿನ್ನ ಪಡಸಾಲೆಯಲ್ಲಿ ಬಂದು ಕೂತರೆ, ನೀನು ಕೂರಗೊಡುತ್ತೀಯಾ? ನಾನು ಕೇಳಬೇಕಾದದ್ದು ಇಷ್ಟೇ. ಮುಂದಿನದೆಲ್ಲ ನನ್ನ ಗೋಳು.

ದಾಂಡೇಲಿಯ ನಮ್ಮ ಕೋಣೆಯನ್ನು ದಿನಕ್ಕೆ ಹತ್ತು ಸಲ ನೆನೆಯುತ್ತೇನೆ. ಮಿಲ್ಲಿನ ಸೈರನ್ನಿಗೆ ನಾನು ಬಾಗಿಲು ತೆಗೆಯುವುದು, ಒಂಬತ್ತರ ಬಸ್ಸಿಗೆ ನೀನು ಬರುವುದು. ನಾನು ಹಳೆ ಸೀರೆ ಹಾಸಿ ಪದರ ಜೋಡಿಸಿ ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬಂದರೆ, ನೀನು ನಿಮ್ಮ ಸಿದ್ದಿ ಮಂದಿಯ ರೂಢಿಯಂತೆ ನಾಲ್ಕು ಮೂಲೆಗೆ ಬಟ್ಟೆ ಮಡಿಚಿ ಹೂ ಕೂರಿಸುತ್ತಿದ್ದೆ. ಬಂದ ಗಿರಾಕಿಗಳು ಮೊದಲು ಮೂಲೆಯನ್ನೇ ತಿರುವಿ ನೋಡುತ್ತಿದ್ದರು. ಹನ್ನೊಂದು ವರ್ಷ ಹಾಗೇ ನಡೆಯಿತು. ಮಾಲೀಕ ಕೋಣೆ ಕೆಡವಿ ಲಾಡ್ಜು ಕಟ್ಟುತ್ತೇನೆ ಎಂದಾಗ ಇಬ್ಬರೂ ಮೂಗು ಒರೆಸಿಕೊಂಡು ಅತ್ತೆವು. ಆಮೇಲೆ ಈ ರೆಸಾರ್ಟಿನವರು ಕರೆದರು. ಒಬ್ಬರಿಗಷ್ಟೇ ಜಾಗವಂತೆ ಎಂದು ನಾನು ಹೇಳಿದೆ. ನೀನು ಸೂಜಿಡಬ್ಬಿಯನ್ನು ನನ್ನ ಕೈಗಿಟ್ಟು "ಆತು ಬಿಡಕ್ಕಾ, ನೀ ಹೋಗು" ಎಂದು ಬಸ್ಸು ಹತ್ತಿದೆ. ತಿರುಗಿ ನೋಡಲಿಲ್ಲ.

ಇಲ್ಲಿಯ ಚೆಂದ ಕೇಳು. ಬಿದಿರಿನ ಚಪ್ಪರದ ಕೆಳಗೆ ಒಂದು ಕಟ್ಟೆ ಕಟ್ಟಿ ಅದರ ಮೇಲೆ ನನ್ನನ್ನು ಕೂರಿಸಿದ್ದಾರೆ. ನೈಲಾನ್ ಸೀರೆ ಉಡಬಾರದಂತೆ, ಇಳಕಲ್ಲೇ ಆಗಬೇಕಂತೆ. ಈ ವಯಸ್ಸಿನಲ್ಲಿ ಮೂಗಿಗೆ ಒತ್ತುವ ನತ್ತೊಂದನ್ನು ಕೊಟ್ಟಿದ್ದಾರೆ. ಹೊಳೆಯಲ್ಲಿ ಬೋಟಿನಾಟ ಮುಗಿಸಿದವರು ಒದ್ದೆ ಚಡ್ಡಿಯಲ್ಲೇ ಬಂದು ಕೌದಿಯ ಮೇಲೆ ಕೂರುತ್ತಾರೆ. ಸೂಜಿ ಇಸಿದುಕೊಂಡು ಎರಡು ಹೊಲಿಗೆ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ, ಅವರು ಎದ್ದುಹೋದ ಮೇಲೆ ಆ ಎರಡು ಹೊಲಿಗೆ ಬಿಚ್ಚುವುದು ನನ್ನ ಪಾಲಿಗೆ. ಒಬ್ಬಾತ ಚಿಪ್ಸು ತಿಂದ ಕೈಯನ್ನು ಅದಕ್ಕೇ ಒರೆಸಿದ. ನಾನು ನೋಡಿದ್ದನ್ನು ನೋಡಿ ನಕ್ಕ.

ಎರಡು ತಿಂಗಳಿಂದ ಸೂಜಿ ಹಿಡಿದರೆ ಆಕಳಿಕೆ ಬರುತ್ತದೆ. ನನ್ನೊಬ್ಬಳಿಗಲ್ಲ, ಅಡಿಗೆಯವರಿಗೂ ತೋಟದವರಿಗೂ ಉತ್ಸಾಹ ಸಾಲದು ಎಂದು ಯಾರೋ ಭಾಷಣದವನನ್ನು ಕರೆಸಿದ್ದರು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು "ನನ್ನಿಂದ ಆಗುತ್ತದೆ" ಎಂದು ಮೂರು ಸಲ ಹೇಳಿ ಚಪ್ಪಾಳೆ ಹೊಡೆಯಬೇಕಂತೆ. ನಾನೂ ಹೊಡೆದೆ, ಏನು ಮಾಡಲಿ. ಹನ್ನೊಂದು ವರ್ಷ ನನ್ನನ್ನು ಯಾವ ಕನ್ನಡಿ ಕೂರಿಸಿ ಹೊಲಿಸಿತ್ತು? ನೀನು ಚಹಾ ಸೊರ್ರೆಂದು ಕುಡಿಯುತ್ತಿದ್ದೆ. ನನ್ನ ಸಾಲು ಅರ್ಧ ಬೆರಳು ವಾಲಿದರೆ "ಅಕ್ಕಾ, ಈ ಹೊಲಿಗಿ ಎಲ್ಲಿಗೆ ಹೊಂಟೈತಿ, ಜೋಯಿಡಾಕ್ಕೇನು?" ಎನ್ನುತ್ತಿದ್ದೆ. ನಿನ್ನ ಬಾಯಿಗೆ ಹೆದರಿ ನಾನು ನೆಟ್ಟಗೆ ಹೊಲಿಯುತ್ತಿದ್ದೆ.

ಈಗ ಮೊನ್ನೆಯ ರಗಳೆಗೆ ಬರುತ್ತೇನೆ. ನಮ್ಮ ಧಾರವಾಡದ ಕಡೆ ಕೌದಿ ಹೊಲಿಯುತ್ತ ನಡುವಿಗೆ ಬಂದಾಗ ಅಂಗೈಯಗಲ ಜಾಗ ಉಳಿಸಿಕೊಳ್ಳುತ್ತೇವೆ. ಅದು ಕೌದಿಯ ಹೊಟ್ಟೆ. ಅದಕ್ಕೆ ಹೋಳಿಗೆಯ ತುಣುಕು ಇಟ್ಟು ಮುಚ್ಚಬೇಕು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ಇದನ್ನು ನಿನಗೆ ನೂರು ಸಲ ಹೇಳಿದ್ದೇನೆ. ಇಲ್ಲಿಯೂ ಬಿಡಲಿಲ್ಲ, ಅಡಿಗೆಮನೆಯವರ ಕೈಕಾಲು ಹಿಡಿದು ಹೋಳಿಗೆ ಮಾಡಿಕೊಂಡು ಎಂಟೂ ಕೌದಿಯ ಹೊಟ್ಟೆ ತುಂಬಿಸಿದೆ. ಕಳೆದ ಸೋಮವಾರ ಬೆಳಿಗ್ಗೆ ಒಂದು ಕೋಣೆಯಿಂದ ಹೆಂಗಸೊಬ್ಬಳು ಕೂಗಿಕೊಂಡು ಹೊರಬಂದಳು. ಹಾಸಿಗೆಯ ಮೇಲೆ ಇರುವೆಯ ಸಾಲು, ಕೌದಿಯ ಹೊಟ್ಟೆಯಿಂದ ಹೊರಟು ದಿಂಬಿನವರೆಗೆ.

ಮ್ಯಾನೇಜರ್ ಸಾಗರ ಕತ್ತರಿ ಹಿಡಿದುಕೊಂಡು ಬಂದ. "ಏನ್ರೀ ಅಕ್ಕಾರ, ಹಾಸಿಗ್ಯಾಗ ಹೋಳಿಗಿ ಹೊಲದೀರಿ? ತೆಲಿಗಿಲಿ ಕೆಟ್ಟೈತೇನು? ಎಲ್ಲಾ ಬಿಚ್ಚರಿ. ಇಲ್ಲೇ, ಮಂದಿ ಮುಂದನ ಬಿಚ್ಚರಿ, ಗೆಸ್ಟಿಗೆ ನಂಬಿಕಿ ಬರಬೇಕು" ಎಂದ. ನತ್ತು ಹಾಕಿಕೊಂಡು, ಇಳಕಲ್ ಉಟ್ಟುಕೊಂಡು, ಮೊಬೈಲು ಹಿಡಿದು ನಿಂತವರ ಎದುರು ನಾನು ಒಂದೊಂದೇ ಕೌದಿಯ ಹೊಟ್ಟೆ ಕೊಯ್ದೆ. ಕಪ್ಪಾದ, ಬೂಷ್ಟು ಹಿಡಿದ, ಹುಳ ಹರಿದಾಡುವ ಹೋಳಿಗೆ. ನನ್ನ ಕೈಯಾರೆ ಮಾಡಿದ್ದನ್ನು ಮುಟ್ಟಿ ನನಗೇ ವಾಕರಿಕೆ ಬಂತು.

ಎಂಟು ಮುಗಿದ ಮೇಲೆ ದಾಂಡೇಲಿಯಿಂದ ತಂದ ನಮ್ಮ ಆರು ಹಳೆಯವು ಉಳಿದಿದ್ದವು. ನಾಲ್ಕೈದು ವರ್ಷದವು, ಇವುಗಳ ಗತಿ ಇನ್ನು ಕೇಳಬೇಕೇ ಎಂದು ಸೆರಗನ್ನು ಮೂಗಿಗೆ ಒತ್ತಿಕೊಂಡು ಕತ್ತರಿ ಹಾಕಿದೆ. ಅಂಗೈಗೆ ಬಿದ್ದದ್ದು ಒಂದು ಪುಟ್ಟ ಗಂಟು. ಕೆಂಪು ಚಿಂದಿಯೊಳಗೆ ಏಳು ಕಾಳು ಅಕ್ಕಿ, ಒಂದು ಒಣ ಬೇವಿನೆಲೆ. ಎರಡನೆಯದರಲ್ಲೂ ಅದೇ. ಆರರಲ್ಲೂ ಅದೇ. ಅಕ್ಕಿ ನಿನ್ನೆ ಕುಟ್ಟಿದ ಹಾಗಿತ್ತು.

ಆಗ ಹೊಳೆಯಿತು. "ಹೊಟ್ಟಿ ನಾ ಮುಚ್ಚತೇನಿ ಅಕ್ಕಾ, ನಿನ್ನ ಕಣ್ಣಿಗೆ ಸಣ್ಣ ಹೊಲಿಗಿ ಹತ್ತಂಗಿಲ್ಲ" ಎಂದು ಪ್ರತಿಸಲ ನನ್ನನ್ನು ಚಹಾ ಮಾಡಲು ಏಳಿಸುತ್ತಿದ್ದೆಯಲ್ಲ. ಹೋಳಿಗೆಗೆ ಇರುವೆ ಬರುತ್ತದೆ ಎಂದು ನೀನು ಅಂದರೆ, ನಮ್ಮವ್ವನ ಮಾತು ತೆಗೆದುಹಾಕಿದೆ ಎಂದು ನಾನು ವಾರಗಟ್ಟಲೆ ಮುಖ ಊದಿಸುತ್ತಿದ್ದೆ, ಅದು ನಿನಗೆ ಗೊತ್ತಿತ್ತು. ಹೇಳದೆ ಬದಲಿಸಿದೆ. ಕೌದಿಯನ್ನೂ ಹಸಿದಿರಲು ಬಿಡಲಿಲ್ಲ. ಹಾಗಾದರೆ ಹನ್ನೊಂದು ವರ್ಷದ ನನ್ನ ಹೋಳಿಗೆ ಎಲ್ಲಿ ಹೋಯಿತು, ಕಳ್ಳಿ? ಬಾಯಿ ಒರೆಸಿಕೊಂಡು ಬಸ್ಸು ಹತ್ತುತ್ತಿದ್ದುದು ಇದಕ್ಕೇನು? ಅಷ್ಟು ಜನರ ನಡುವೆ ನಾನು ಒಬ್ಬಳೇ ನಕ್ಕೆ, ಆಮೇಲೆ ಅಳು ಬಂತು. ಅದನ್ನೂ ಯಾರೋ ವಿಡಿಯೋ ಮಾಡಿಕೊಂಡರು.

ಅದಾದ ಮೇಲೆ ಸಾಗರ ತನ್ನ ಷರತ್ತು ಹೇಳಿದ. ಇನ್ನು ಮೇಲೆ ಕೌದಿ ಹೊರಗಿನಿಂದ ಮಷೀನಿನಲ್ಲಿ ಹೊಲಿಸಿಕೊಂಡು ಬರುತ್ತದಂತೆ, ನಾನು ಕಟ್ಟೆಯ ಮೇಲೆ ಕೂತು ಹೊಲಿದಂತೆ ಮಾಡಿದರೆ ಸಾಕಂತೆ. ನನ್ನ ಮೊಬೈಲಿನಲ್ಲಿ ನಿನ್ನ ಫೋಟೋ ನೋಡಿ "ಇವ್ರನ್ನ ಕರಸ್ರಿ ಅಕ್ಕಾರ. ಕೂದಲಾ ಹಂಗ ಬಿಟ್ಕೊಂಡು ಕುಂತ್ರ ಫೋಟೋ ಭಾರಿ ಬರ್ತಾವು. ಡೋಲು ಬಾರಸ್ತಾರೇನು?" ಎಂದ. "ಆಕಿ ಬಂದ್ರ ನಿಮ್ಮನ್ನ ಡೋಲಿನ ಸಮೇತ ಹೊಳಿಗೆ ಒಗೀತಾಳ" ಎಂದೆ. ತಮಾಷೆ ಎಂದುಕೊಂಡು ಹಲ್ಲು ಕಿಸಿದ.

ನಮ್ಮ ಮನೆಯವರು ದಾಂಡೇಲಿಯಿಂದ ಫೋನಿನಲ್ಲಿ "ಸಾಕಾತಿಲ್ಲ, ಮನೀಗೆ ಬಾ, ಆರಾಮ ಕುಂತು ಟೀವಿ ನೋಡು" ಎನ್ನುತ್ತಾರೆ. ಮಿಲ್ಲಿನಿಂದ ರಿಟೈರಾದವರು, ಅವರಿಗೆ ಕೂರುವುದು ರೂಢಿಯಾಗಿದೆ. ನನಗೆ ಹೊಲಿಯಬೇಕು ಮಾರ್ಗರೀಟಾ. ಕಟ್ಟೆಯ ಮೇಲಲ್ಲ, ಯಾರಾದರೂ ಬೈಯುವ ಜಾಗದಲ್ಲಿ ಹೊಲಿಯಬೇಕು.

ಈ ಕಾಗದವನ್ನು ತರಕಾರಿ ಗಾಡಿಯ ದಾವಲಸಾಬನ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆ ಹಳಿಯಾಳಕ್ಕೆ ಬಂದಾಗ ನಿಮ್ಮ ಊರಿಗೆ ಮುಟ್ಟಿಸುತ್ತಾನೆ. ನೀಲಂ ಚೆನ್ನಾಗಿ ಓದಲಿ, ಒಳ್ಳೆಯ ಕಡೆ ಸೇರಲಿ. ನಿನ್ನ ಮಂಡಿನೋವು ಇಳಿಯಲಿ. ನಿನ್ನ ಏಸು, ನಮ್ಮ ಎಲ್ಲಮ್ಮ, ಯಾರು ಬಿಡುವಾಗಿದ್ದಾರೋ ಅವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ದ್ರಾಕ್ಷಾಯಣಿ

ತಾ.ಕ.: ಮೇಲೆ ಬರೆಯುವ ಧೈರ್ಯ ಬರಲಿಲ್ಲ, ಅದಕ್ಕೇ ಇಲ್ಲಿ. ನೀಲಂ, ಇದನ್ನೂ ಓದವ್ವ.

ಒಬ್ಬರಿಗಷ್ಟೇ ಜಾಗ ಎಂದು ಸಾಗರ ಹೇಳಿರಲಿಲ್ಲ. "ನಾಕ್ ಮಂದಿ ಬರ್ರಿ, ಜಾಗಾ ರಗಡ ಐತಿ" ಎಂದಿದ್ದ. ಇನ್ನೊಬ್ಬರು ಯಾರು ಎಂದು ಕೇಳಿದ್ದಕ್ಕೆ "ಯಾರೂ ಇಲ್ಲರಿ, ಎಲ್ಲಾ ನಾನ ಮಾಡೂದು" ಎಂದೆ. ಹನ್ನೊಂದು ವರ್ಷ ಬಂದವರೆಲ್ಲ ನಿನ್ನ ಮೂಲೆಯ ಹೂ ನೋಡಿ, ನನ್ನ ಹೊಲಿಗೆಯ ಮೇಲೆ ಕೈಚೀಲ ಇಟ್ಟು ಮಾತಾಡುತ್ತಿದ್ದರು. ಒಂದು ಸಲ ನನ್ನನ್ನೂ ನೋಡಲಿ ಎಂಬ ಆಸೆ ಹುಟ್ಟಿತ್ತು. ನೋಡಿದರು. ಅವನು ನಿನ್ನನ್ನು ಕೂರಿಸಿ ತೋರಿಸಬೇಕು ಎಂದಾಗ ಹೇಸಿಗೆಪಟ್ಟೆ, ಆದರೆ ನೀನು ಇಲ್ಲವೇ ಇಲ್ಲ ಎಂದವಳು ನಾನು. ಈ ಊರಿನಲ್ಲಿ ನನಗೆ ಎಲ್ಲಕ್ಕಿಂತ ಹೇಸಿಗೆಯಾಗಿರುವುದು ನನ್ನ ಮೇಲೇ.

ಹದಿಮೂರು ಕೌದಿಗಳನ್ನು ಖಾಲಿ ಹೊಟ್ಟೆಯಲ್ಲೇ ಮುಚ್ಚಿ ಕೊಟ್ಟೆ. ದಾಂಡೇಲಿಯದೊಂದನ್ನು ಮಾತ್ರ ಹಾಗೆಯೇ ತೆರೆದು ನನ್ನ ಗಂಟಿನಲ್ಲಿ ಇಟ್ಟುಕೊಂಡಿದ್ದೇನೆ. ಅದರ ಅಕ್ಕಿಯ ಗಂಟು ಈ ಲಕೋಟೆಯಲ್ಲಿದೆ. ಬಾ ಎನ್ನುವುದಾದರೆ ಅದನ್ನು ಎತ್ತಿಡು, ಭಾನುವಾರ ನೀಲಂಳಿಂದ ಒಂದು ಫೋನು ಮಾಡಿಸು, ಕೌದಿ ತರುತ್ತೇನೆ, ಹೊಟ್ಟೆ ನೀನೇ ಮುಚ್ಚು. ಬೇಡ ಎನ್ನುವುದಾದರೆ ಆ ಏಳು ಕಾಳನ್ನು ಕೋಳಿಗೆ ಹಾಕು.