ಪೂರ್ಣಿಯ ಸಂಜೆ ಶಾಲೆ

ಕುಬಿಹಾಳ,
೧೨ ಫೆಬ್ರುವರಿ ೨೦೨೫, ಬುಧವಾರ

ಪ್ರೀತಿಯ ರೋಹಿಣಿ,

ನಿನ್ನ ಮೊಣಕಾಲು ಈಗ ಹೇಗಿದೆ? ಹೋದ ಭಾನುವಾರ ಫೋನಿನಲ್ಲಿ ‘ಓಡಿ ಓಡಿ ಸಾಕಾಗೇತಿ ಅಕ್ಕಾ’ ಎಂದು ನಕ್ಕೆಯಲ್ಲ, ಆ ನಗುವಿನ ಹಿಂದೆ ನೋವಿತ್ತೆಂದು ನನಗೆ ತಿಳಿಯಿತು. ಬಿಸಿನೀರಿನ ಶಾಖ ಕೊಟ್ಟುಕೋ. ಕಲಬುರಗಿಯ ಬಿಸಿಲು ನಮ್ಮ ಕಡೆಯ ಬಿಸಿಲಿನಂತಲ್ಲ ಎನ್ನುತ್ತಾರೆ, ತಲೆಗೆ ಎಣ್ಣೆ ಹಚ್ಚಿಕೊಳ್ಳದೆ ಮೈದಾನಕ್ಕೆ ಇಳಿಯಬೇಡ. ಶೇಂಗಾ ಚಟ್ನಿ ಕುಟ್ಟಿ ಇಟ್ಟಿದ್ದೇನೆ. ಆ ಕಡೆ ಯಾರಾದರೂ ಹೊರಟರೆ ಕಳಿಸುತ್ತೇನೆ. ಇಲ್ಲಿ ಎಲ್ಲರೂ ಆರಾಮ. ನಮ್ಮ ಅತ್ತೆ ರೇವವ್ವ ದಿನಾ ಮುಂಜಾನೆ ವಿಭೂತಿ ಹಚ್ಚಿಕೊಳ್ಳುವಾಗ ನಿನ್ನ ಹೆಸರು ತೆಗೆಯುತ್ತಾರೆ. ‘ಅಕಿ ಖಾಕಿ ಹಾಕ್ಕೊಂಡು ಬಂದಾಗ ನನ್ನ ಕಣ್ಣು ಕಾಣ್ತಿರಲೆಪ್ಪ’ ಎನ್ನುವುದೊಂದೇ ಅವರ ಬೇಡಿಕೆ. ನಿನ್ನ ಮಗಳೂ ಆರಾಮ. ಆದರೆ ಅವಳ ವಿಷಯ ಬರೆಯಲೆಂದೇ ಈ ಕಾಗದ ಹಿಡಿದಿದ್ದೇನೆ. ನಿಮ್ಮ ತರಬೇತಿಯಲ್ಲಿ ಭಾನುವಾರವಷ್ಟೇ ಫೋನು ಕೈಗೆ ಕೊಡುತ್ತಾರೆ, ಆ ಹೊತ್ತಿನಲ್ಲಿ ಪೂರ್ಣಿ ನನ್ನ ಮಗ್ಗುಲಲ್ಲೇ ಕುಳಿತಿರುತ್ತಾಳೆ. ಅವಳ ಎದುರಿಗೆ ಹೇಳುವ ಧೈರ್ಯ ನನಗಿಲ್ಲ.

ನೀನು ಅವಳನ್ನು ನನ್ನ ಕೈಗೆ ಒಪ್ಪಿಸಿ ಬಸ್ಸು ಹತ್ತಿದಾಗ ಅವಳು ಹೇಗಿದ್ದಳೆಂದು ನಿನಗೆ ನೆನಪಿದೆ. ಅವಳಪ್ಪ ತೀರಿಹೋದ ಮೇಲೆ ಮಾತೇ ಕಡಿಮೆಯಾಗಿತ್ತು. ಐದನೆಯ ತರಗತಿಗೆ ಬಂದಿದ್ದರೂ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದಳು, ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದಳು. ನಮ್ಮ ಗೌರೀಶನೂ ಅದೇ ತರಗತಿ. ಅವನು ಶಾಣ್ಯಾ ಎಂದು ಊರೆಲ್ಲ ಹೊಗಳುತ್ತಿತ್ತು, ನಾನೂ ಬೀಗುತ್ತಿದ್ದೆ. ಪಂಚಾಯ್ತಿಯ ಗ್ರಂಥಾಲಯದಲ್ಲಿ ಶಿವಗಂಗಾ ಎಂಬ ಹುಡುಗಿ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಸಂಜೆ ಶಾಲೆ ನಡೆಸುತ್ತಾಳೆ; ಬಿ.ಎಡ್. ಮುಗಿಸಿ ನೌಕರಿಯ ದಾರಿ ನೋಡುತ್ತಿರುವವಳು. ನಿಜ ಹೇಳಬೇಕೆಂದರೆ, ಹಾಲು ಕರೆದು ರೊಟ್ಟಿ ಬಡಿಯುವ ತನಕ ಮಕ್ಕಳು ಕಾಲಲ್ಲಿ ಸಿಗದಿದ್ದರೆ ಸಾಕೆಂದು ಇಬ್ಬರನ್ನೂ ಅಲ್ಲಿಗೆ ಅಟ್ಟಿದೆ. ಅಲ್ಲಿ ಮೊದಲು ಆಟ, ಆಮೇಲೆ ಪಾಠ. ಪ್ರತಿ ಮಗುವೂ ಮನೆಯಿಂದ ಒಂದು ಸುದ್ದಿ ತರಬೇಕು. ಅದನ್ನು ಮಗು ಹೇಳಿದ ಹಾಗೆಯೇ ಶಿವಗಂಗಾ ಹಲಗೆಯ ಮೇಲೆ ಬರೆಯುತ್ತಾಳೆ, ಮಗು ಅದನ್ನು ಓದಬೇಕು. ‘ತಾವು ಆಡಿದ ಮಾತು ಓದಾಕ ಹುಡುಗೂರು ಅಂಜೂದಿಲ್ರಿ’ ಎಂದು ಒಮ್ಮೆ ನನಗೆ ಹೇಳಿದ್ದಳು. ಪೂರ್ಣಿ ಎಷ್ಟೋ ದಿನ ಬಾಯಿ ಬಿಡಲಿಲ್ಲವಂತೆ. ಕೊನೆಗೊಂದು ದಿನ ‘ನಮ್ಮವ್ವ ಪೊಲೀಸ್ ಆಗಾಕ ಹೋಗ್ಯಾಳ’ ಎಂದಳಂತೆ. ಹಲಗೆಯ ಮೇಲೆ ಅದನ್ನು ತಡವರಿಸದೆ ಓದಿದಳಂತೆ, ಮತ್ತೆ ಮತ್ತೆ ಓದಿದಳಂತೆ. ಅಲ್ಲಿಂದ ಅವಳು ನಿಲ್ಲಲಿಲ್ಲ, ರೋಹಿಣಿ. ಹಗ್ಗ ಹಿಡಿದು ಹೊಲದ ಬದು ಅಳೆದು ಲೆಕ್ಕ ಕಲಿತಳು. ಎರಡನೆಯ ತರಗತಿಯ ಪುಟ್ಟ ಹುಡುಗಿಯೊಬ್ಬಳಿಗೆ ಕಾಗುಣಿತ ಹೇಳಿಕೊಡುತ್ತ ತನ್ನ ತಪ್ಪು ತಾನೇ ತಿದ್ದಿಕೊಂಡಳು. ದೀಪಾವಳಿಯ ಹೊತ್ತಿಗೆ ಅತ್ತೆಯವರಿಗೆ ಪೇಪರು ಓದಿ ಹೇಳುತ್ತಿದ್ದಳು, ನಡುನಡುವೆ ‘ತಿಳೀತೇನಬೇ ಅಜ್ಜಿ?’ ಎಂದು ಮಾಸ್ತರಿಕೆ ಬೇರೆ. ನನಗೂ ಸಂತೋಷವೇ ಆಗಿತ್ತು. ಅದನ್ನಾದರೂ ನಂಬು.

ಸಂಕ್ರಾಂತಿಯ ಮೇಲೆ ಕುಂದಗೋಳದಲ್ಲಿ ಸಂಜೆ ಶಾಲೆಯ ಮಕ್ಕಳೆಲ್ಲ ಕೂಡಿ ಕಥೆ ಓದುವ ಕಾರ್ಯಕ್ರಮ ಇಟ್ಟಿದ್ದರು. ಊರಿಗೊಂದು ಮಗು. ಶಿವಗಂಗಾ ಪೂರ್ಣಿಯ ಹೆಸರು ಹೇಳಿದಳು. ಅವತ್ತು ಗೌರೀಶ ಮನೆಗೆ ಬಂದವನೇ ಚೀಲ ಒಗೆದು, ‘ಅವ್ವಾ, ಅಕಿ ನಮ್ಮನಿಗೆ ಯಾಕ ಬಂದಾಳಬೇ? ಯಾವಾಗ ಹೋಗ್ತಾಳ?’ ಎಂದು ಅತ್ತ. ನಾನು ಅವನನ್ನು ಗದರಬೇಕಿತ್ತು, ಇಲ್ಲವೇ ಹತ್ತಿರ ಕೂಡಿಸಿಕೊಂಡು ತಿಳಿಹೇಳಬೇಕಿತ್ತು. ಎರಡೂ ಮಾಡಲಿಲ್ಲ. ನಮ್ಮಪ್ಪ ಬಂದವರೆದುರಿಗೆಲ್ಲ ‘ರೋಹಿಣಿ ಓದ್ತಾಳ್ರಿ, ಶಾಂಭವಿ ಮನಿ ನೋಡ್ತಾಳ’ ಎನ್ನುತ್ತಿದ್ದರಲ್ಲ, ಅದು ನನ್ನ ಕಿವಿಯಲ್ಲಿ ಕೇಳಿದಂತಾಯಿತು. ನಿನ್ನ ಮೇಲೆ ನನಗೆ ಸಿಟ್ಟಿತ್ತೆಂದು ನನಗೇ ಗೊತ್ತಿರಲಿಲ್ಲ. ಆ ಸಿಟ್ಟನ್ನು ಒಂದು ಕೂಸಿನ ಮೇಲೆ ತೀರಿಸಿದೆ. ಮರುದಿನ ಪೂರ್ಣಿಗೆ, ‘ಮೆಣಸಿನಕಾಯಿ ಭಾಳ ಬಂದಾವ, ತೊಟ್ಟು ಮುರಿಯಾಕ ಕೈ ಸಾಲವಲ್ಲವು. ಸಂಜಿ ಶಾಲಿ ಸದ್ಯಕ್ಕ ಬ್ಯಾಡ’ ಎಂದೆ. ಅವಳು ‘ಹೂಂ ದೊಡ್ಡವ್ವ’ ಎಂದಳು. ಯಾಕೆ ಎಂದು ಕೇಳಲಿಲ್ಲ. ಗೌರೀಶ ಯಾಕೆ ಹೋಗುತ್ತಾನೆ ಎಂದೂ ಕೇಳಲಿಲ್ಲ.

ಮೂರು ನಾಲ್ಕು ದಿನ ನೋಡಿ ಶಿವಗಂಗಾ ಮನೆಗೇ ಬಂದಳು. ಚಹಾ ಕೊಟ್ಟು ಕೂಡಿಸಿ ಸುಳ್ಳು ಹೇಳಿದೆ: ‘ಅಕಿಗೆ ಮನಸಿಲ್ರಿ. ಅವ್ವನ ನೆನಪು ತಗದು ಅಳ್ತಾಳ.’ ಪೂರ್ಣಿ ಪಡಸಾಲೆಯಲ್ಲಿ ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತಿದ್ದಳು. ಶಿವಗಂಗಾ ತಿರುಗಿ, ‘ಹೌದೇನವಾ?’ ಎಂದು ಅವಳನ್ನೇ ಕೇಳಿದಳು. ನಿನ್ನ ಮಗಳು ನನ್ನ ಮುಖ ನೋಡಿದಳು, ಆಮೇಲೆ ‘ಹೌದ್ರಿ ಅಕ್ಕೋರ’ ಎಂದಳು. ಬೆರಳು ಉರಿಯುತ್ತವೆಂದು ಎಣ್ಣೆ ಹಚ್ಚಿಕೊಂಡಿದ್ದಳು. ಕುಂದಗೋಳಕ್ಕೆ ಗೌರೀಶ ಹೋದ, ಓದಿದ, ಪ್ರಮಾಣಪತ್ರ ತಂದ. ನಾನು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ನಾನು ಸ್ಟೂಲಿನ ಮೇಲೆ ನಿಂತಾಗ ಕೆಳಗೆ ಮೊಳೆ ಹಿಡಿದುಕೊಂಡು ನಿಂತವಳು ಪೂರ್ಣಿ.

ಇಷ್ಟಾದರೂ ನನ್ನ ಮನಸ್ಸು ಗಟ್ಟಿಯಾಗಿಯೇ ಇತ್ತು. ಅದು ಒಡೆದದ್ದು ಹೋದ ಭಾನುವಾರ. ನೀನು ಫೋನಿನಲ್ಲಿ ‘ಸಂಜಿ ಶಾಲಿ ಹೆಂಗ ನಡದೈತಿ ಪುಟ್ಟಾ?’ ಎಂದು ಕೇಳಿದೆ. ಅವಳು ತಡಮಾಡದೆ, ‘ಛಲೋ ನಡದೈತಿ. ನಿನ್ನಿ ನಾವು ನಕಾಶೆ ತಗದ್ವಿ, ನಮ್ಮೂರ ಕೆರಿಗೆ ನೀಲಿ ಬಣ್ಣಾ ಹಚ್ಚಿದೆ’ ಎಂದಳು. ನಕಾಶೆ ತೆಗೆದವನು ಗೌರೀಶ. ಅವನು ಮನೆಗೆ ಬಂದು ಹೇಳಿದ್ದನ್ನೇ ಅವಳು ನಿನಗೆ ಒಪ್ಪಿಸಿದಳು. ನಿನ್ನ ಎದುರು ನನ್ನ ಮಾನ ಕಾಯಲೆಂದು ಹತ್ತು ವರ್ಷದ ಕೂಸು ತಾಯಿಗೆ ಸುಳ್ಳು ಹೇಳಿತು. ನೀನು ಖುಷಿಯಿಂದ ನಗುತ್ತಿದ್ದೆ. ನಾನು ಎದ್ದು ಅಡುಗೆಮನೆಗೆ ಹೋದೆ.

ಸೋಮವಾರ ಅವಳ ಕೈ ಹಿಡಿದುಕೊಂಡು ಗ್ರಂಥಾಲಯಕ್ಕೆ ಹೋದೆ. ಶಿವಗಂಗಾಳಿಗೆ ನಿಜ ಹೇಳಿದೆ. ಅವಳು ಬೈಯಲಿಲ್ಲ. ‘ನನಗ ಹೇಳಿದ್ದು ಆತ್ರಿ. ಅಕಿಗೆ ಹೇಳೀರೇನ್ರಿ?’ ಎಂದಷ್ಟೇ ಕೇಳಿದಳು. ಹೇಳಿರಲಿಲ್ಲ. ತಿರುಗಿ ಬರುವಾಗ ದಾರಿಯಲ್ಲಿ ನಿಂತು, ‘ತಪ್ಪಾತು ನಂದು, ಪೂರ್ಣಿ. ನಿನ್ನ ಬಿಡಿಸಬಾರದಿತ್ತು’ ಎಂದೆ. ಅವಳು ನನ್ನ ಸೆರಗು ಹಿಡಿದು, ‘ಇರ್ಲಿ ಬಿಡು ದೊಡ್ಡವ್ವ, ಮೆಣಸಿನಕಾಯಿ ಭಾಳ ಇದ್ದುವಲ್ಲ’ ಎಂದಳು. ನಾನು ಕೊಟ್ಟ ನೆಪವನ್ನೇ ನನಗೆ ಸಮಾಧಾನವಾಗಿ ತಿರುಗಿ ಕೊಟ್ಟಳು. ನಿನ್ನ ಭಾವನಿಗೂ ಎಲ್ಲ ಹೇಳಿದ್ದೇನೆ. ಅವರು ಎದ್ದು ಹೊಲಕ್ಕೆ ಹೋದರು, ಇನ್ನೂ ಸರಿಯಾಗಿ ಮಾತಾಡಿಲ್ಲ. ಗೌರೀಶನಿಗೂ ಹೇಳಿದೆ. ತನ್ನಿಂದಲೇ ಹೀಗಾಯಿತೆಂದು ಅವನು ಅಳತೊಡಗಿದ. ನಿನ್ನಿಂದಲ್ಲ, ನನ್ನಿಂದ ಎಂದು ತಿಳಿಹೇಳಿದೆ. ಅವನ ಮೇಲೆ ಸಿಟ್ಟು ಮಾಡಬೇಡ, ಅವನು ಹುಡುಗ. ನನ್ನ ಮೇಲೆ ಮಾಡು. ಮಗಳನ್ನು ಬೇರೆಲ್ಲಾದರೂ ಇಡಬೇಕೆಂದು ನಿನಗನ್ನಿಸಿದರೆ ಅದನ್ನೂ ತಡೆಯುವ ಹಕ್ಕು ನನಗಿಲ್ಲ.

ಮೈ ಕಡೆ ಕಾಳಜಿ ಇರಲಿ, ಹೊತ್ತಿಗೆ ಸರಿಯಾಗಿ ಉಣ್ಣು. ಅತ್ತೆಯವರು ನಿನ್ನ ತಲೆಯ ಮೇಲೆ ಕೈಯಿಟ್ಟಂತೆ ತಿಳಿ ಎಂದಿದ್ದಾರೆ. ನನ್ನ ಕೈ ಇಡುವಷ್ಟು ಮುಖ ನನಗೀಗ ಇಲ್ಲ. ಆದರೂ ನೀನು ಚೆನ್ನಾಗಿರಬೇಕು, ಪೆರೇಡಿನಲ್ಲಿ ತಲೆಯೆತ್ತಿ ನಡೆಯಬೇಕು.

ಇತಿ, ನಿನ್ನ ಅಕ್ಕ,
ಶಾಂಭವಿ

ತಾ.ಕ.: ಪೋಸ್ಟಿನವನು ಬರುವ ಹೊತ್ತಾಯಿತು, ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಸಂಜೆ ಗ್ರಂಥಾಲಯದ ಬಾಗಿಲಲ್ಲಿ ನಿಂತು ನೋಡಿದೆ. ಪೂರ್ಣಿಯ ಸರದಿ ಬಂತು. ಮುಂಜಾನೆ ಅತ್ತೆಯವರಿಗೆ ನೀರು ಹರಿದ ಹಾಗೆ ಓದಿ ಹೇಳಿದ್ದ ಕಥೆ ಅದು. ಅಲ್ಲಿ ಗೌರೀಶನ ಎದುರು ಅದನ್ನೇ ತಡವರಿಸಿ ತಡವರಿಸಿ ಓದಿದಳು, ಬರುವ ಪದಗಳಲ್ಲೂ ಬೇಕೆಂದೇ ತಪ್ಪಿದಳು. ಮನೆಗೆ ಬಂದ ಮೇಲೆ ‘ಯಾಕ ಹಂಗ ಓದಿದಿ?’ ಎಂದು ಕೇಳಿದೆ. ಇನ್ನು ಯಾರೂ ಬಿಡಿಸುವುದಿಲ್ಲವೆಂದು ಆಣೆ ಮಾಡಿ ಹೇಳಿದೆ, ಅವಳು ನಂಬಲಿಲ್ಲ. ಭಾನುವಾರ ನೀನೇ ಅವಳಿಂದ ಓದಿಸು, ಗೌರೀಶ ಮಗ್ಗುಲಲ್ಲೇ ಇರಲಿ, ತಪ್ಪಿದರೆ ಜೋರು ಮಾಡು. ನೀನು ಹೇಳಿದರಷ್ಟೇ ಕೇಳುತ್ತಾಳೆ. ನನಗೆ ಅವಳು ಕೊಟ್ಟ ಉತ್ತರ ಇಷ್ಟೇ: ‘ಹಿಂಗ ಓದಿದ್ರ ದಿನಾ ಹೋಗಾಕ ಬಿಡ್ತಿಯಲ್ಲ, ದೊಡ್ಡವ್ವ?’