ಗೂಬೆ ಬೊಂಬೆಯ ನೀಲಿ ರೆಕ್ಕೆ

ನೋರ್ಡಾಲ್, ಮಿನ್ನೆಸೋಟ
ಅಕ್ಟೋಬರ್ 14, 2019

ಪ್ರಿಯ ಹಾಲ್ವರ್,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಊರಲ್ಲಿ ಯಾರೋ ಸತ್ತಿರಬೇಕು ಅಂದುಕೊಂಡಿರುತ್ತೀಯ. ಯಾರೂ ಸತ್ತಿಲ್ಲ. ಮೂವತ್ತಾರು ವರ್ಷಗಳಲ್ಲಿ ಕ್ರಿಸ್ಮಸ್ ಕಾರ್ಡಿನ ಕೆಳಗೆ ಒಂದೊಂದು ಸಹಿ ಬಿಟ್ಟರೆ ನಾವಿಬ್ಬರೂ ಒಬ್ಬರಿಗೊಬ್ಬರು ಏನನ್ನೂ ಬರೆದವರಲ್ಲ. ಸರ್ಕಾರದ ದಾಖಲೆಯಲ್ಲಿ ಇನ್ನೂ ಗಂಡ ಹೆಂಡತಿ, ನಡುವೆ ಮಾತ್ರ ಒಂದು ದೊಡ್ಡ ಸರೋವರ. ಇವತ್ತು ಬರೆಯುತ್ತಿರುವುದು ನಿನ್ನ ಕ್ಷಮೆ ಕೇಳುವುದಕ್ಕೆ. ಈ ಮಾತನ್ನು ಕೊನೆಗೆ ಹೇಳೋಣ ಎಂದುಕೊಂಡಿದ್ದೆ. ಆದರೆ ನನ್ನ ಸ್ವಭಾವ ನನಗೇ ಗೊತ್ತು, ಮೊದಲೇ ಬರೆಯದಿದ್ದರೆ ಮೂರನೇ ಪುಟದ ಹೊತ್ತಿಗೆ ಕಾಗದ ಹರಿದು ಒಲೆಗೆ ಹಾಕಿರುತ್ತೇನೆ.

ನಮ್ಮೂರ ಹಳೆ ರೈಲು ನಿಲ್ದಾಣವನ್ನು ಮ್ಯೂಸಿಯಂ ಮಾಡಿದಾಗ ಅದರ ಕಿಟಕಿಗಳಿಗೆ ಬಣ್ಣ ಹೊಡೆದವನೇ ನೀನು. ನಿನಗೆ ಗೊತ್ತಿಲ್ಲದ್ದೆಂದರೆ, ಕಳೆದ ಒಂಬತ್ತು ವರ್ಷಗಳಿಂದ ಬುಧವಾರ, ಶನಿವಾರ ಮಧ್ಯಾಹ್ನ ಅದರ ಬಾಗಿಲು ತೆರೆಯುವವಳು ನಾನು. ಸಂಬಳವಿಲ್ಲ, ಕಾಫಿ ಪುಕ್ಕಟೆ. ಇತಿಹಾಸದ ಮೇಲಿನ ಪ್ರೀತಿಯಿಂದ ಹೋಗುತ್ತಿದ್ದೇನೆ ಎಂದು ಚರ್ಚಿನ ಹೆಂಗಸರು ತಿಳಿದಿದ್ದಾರೆ. ನಾನು ಹೋಗುತ್ತಿದ್ದದ್ದು ನೀನು ಹತ್ತಿ ತುಂಬಿ ನಿಲ್ಲಿಸಿದ ಹಕ್ಕಿಗಳನ್ನು ಕಾಯಲು. ಕಾಯುವುದೆಂದರೆ ಅವುಗಳ ಹತ್ತಿರ ಯಾವ ಮಗುವನ್ನೂ ಬಿಡದಿರುವುದು. ಶಾಲೆಯ ಮಕ್ಕಳು ಬಂದರೆ ನಿನ್ನ ಕಪಾಟಿನ ಮುಂದೆ ಕುರ್ಚಿ ಹಾಕಿ ಕೂತುಬಿಡುತ್ತಿದ್ದೆ. ಒಬ್ಬಳು ಪುಟ್ಟ ಹುಡುಗಿ ಕಾಡುಕೋಳಿಯ ಕಡೆ ಕೈ ಚಾಚಿದಾಗ ನಾನು ಕಿರುಚಿದ ರೀತಿಗೆ ಅವಳು ಅಲ್ಲೇ ಉಚ್ಚೆ ಹೊಯ್ದುಕೊಂಡಳು. ಅವಳ ಟೀಚರ್ ಮ್ಯೂಸಿಯಂ ಮಂಡಳಿಗೆ ದೂರು ಕೊಟ್ಟರು.

ಈಗ ಮಂಡಳಿಯ ಅಧ್ಯಕ್ಷೆ ಲೋಯ್ಸ್ ಗ್ರೊಟ್ಟೆ. ಶಾಲೆಯಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು, ಹಲ್ಲಿನ ಸಂದು ದೊಡ್ಡದು, ನಿನಗೆ ನೆನಪಿರಬಹುದು. ಪ್ರತಿ ವರ್ಷದ ಸಭೆಯಲ್ಲೂ ನಾನು ಎದ್ದು ನಿಂತು, ಹಾಲ್ವರ್ ಬ್ರೆಕ್ಕೆ ಮಾಡಿದ ಒಂಬತ್ತು ಹಕ್ಕಿಗಳಲ್ಲೂ ಪಾಷಾಣವಿದೆ, ಅವನ್ನು ಎಸೆಯಿರಿ ಎಂದು ಹೇಳುತ್ತಿದ್ದೆ. ಪ್ರತಿ ವರ್ಷವೂ ಅವರು ಕೇಕ್ ತಿಂದು ಮನೆಗೆ ಹೋಗುತ್ತಿದ್ದರು. ಈ ಬೇಸಿಗೆಯಲ್ಲಿ ಲೋಯ್ಸ್‌ಗೆ ಸಾಕಾಗಿಹೋಯಿತು. "ಅಲ್ಲ ಕಣೆ ರಾಗ್ನಾ, ಸತ್ತ ಹಕ್ಕಿ ಜೊತೆ ಎಷ್ಟು ದಿನ ಜಗಳ ಆಡ್ತೀಯ? ಸಿಟಿಯಿಂದ ಒಂದು ಮಷೀನ್ ತರಿಸ್ತೀನಿ. ಇದ್ರೆ ಇದೆ, ಇಲ್ದಿದ್ರೆ ಇಲ್ಲ. ಆಮೇಲೆ ಬಾಯಿ ಮುಚ್ಕೊಂಡು ಕೂತ್ಕೋಬೇಕು ನೀನು," ಅಂದಳು. ನಾನು ಖುಷಿಯಿಂದ ಒಪ್ಪಿಕೊಂಡೆ. ಆ ಖುಷಿ ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ಮೊನ್ನೆ ಗುರುವಾರ ಜೋಯೆಲ್ ಎನ್ನುವ ಹುಡುಗಿ ಬಂದಳು. ಸಣ್ಣ ಮ್ಯೂಸಿಯಂಗಳ ಹಳೆ ವಸ್ತುಗಳನ್ನು ನೋಡಿಕೊಳ್ಳುವುದನ್ನೇ ಓದಿದವಳಂತೆ. ಕೈಯಲ್ಲಿ ಕೂದಲು ಒಣಗಿಸುವ ಯಂತ್ರದಂಥದ್ದೊಂದು ಇತ್ತು. ಅದನ್ನು ಹಕ್ಕಿಯ ಎದೆಗೆ ಹಿಡಿದರೆ ಒಳಗೆ ಏನಿದೆಯೆಂದು ಅಂಕಿ ತೋರಿಸುತ್ತದೆ. ಮೊದಲು ನಿನ್ನ ಬಾತುಕೋಳಿಗೆ ಹಿಡಿದಳು. ಸೊನ್ನೆ. ಕಾಡುಕೋಳಿ, ಸೊನ್ನೆ. ಕೆಂಪು ತಲೆಯ ಮರಕುಟಿಗ, ಅದೂ ಸೊನ್ನೆ. "ಮಷೀನ್ ಕೆಟ್ಟಿದೆಯೇನೋ ನೋಡಮ್ಮ," ಅಂದೆ. ಅವಳು ಪಕ್ಕದ ಕಪಾಟಿನಲ್ಲಿದ್ದ, ಹಿಂದಿನ ಕಾಲದ ಎಂಗ್‌ಸ್ಟ್ರಮ್ ಡಾಕ್ಟರು ಮಾಡಿದ ಕೊಕ್ಕರೆಗೆ ಹಿಡಿದಳು. ಅಂಕಿ ಎಲ್ಲಿಂದೆಲ್ಲಿಗೋ ಹಾರಿತು. "ಮಷೀನ್ ಚೆನ್ನಾಗೇ ಇದೆ, ಮಿಸೆಸ್ ಬ್ರೆಕ್ಕೆ. ಡಾಕ್ಟರದ್ದು ನೂರು ವರ್ಷದ ಹಿಂದಿನವು, ಆಗ ಎಲ್ರೂ ಪಾಷಾಣ ಸವರ್ತಿದ್ರು. ಈ ಒಂಬತ್ತು ಮಾಡಿದೋರು ಯಾರೋ ಜಾಣರು. ಬರೀ ಬಿಳಿಗಾರ ಹಾಕಿದಾರೆ," ಅಂದಳು.

ಬಿಳಿಗಾರ. ನೀನು ಹೇಳಿದ್ದ ಪದವೇ. ನಮ್ಮ ಮಗಳು ಮಾರಿಟ್ ತೀರಿಕೊಂಡದ್ದು 1983ರ ಫೆಬ್ರವರಿಯಲ್ಲಿ. ಮೂತ್ರಪಿಂಡ ಸೋತಿದೆ, ಯಾಕೆಂದು ಗೊತ್ತಿಲ್ಲ ಎಂದು ಡುಲುತ್‌ನ ವೈದ್ಯರು ಕೈಚೆಲ್ಲಿದರು. ಹಕ್ಕಿಯ ಚರ್ಮ ಬಿಡಿಸಿ ಹತ್ತಿ ತುಂಬುವವರು ಪಾಷಾಣ ಸವರುತ್ತಾರೆ ಎಂಬ ಮಾತು ಏಪ್ರಿಲ್‌ನಲ್ಲಿ, ಮಗು ಮಣ್ಣಾದ ಮೇಲೆ, ನನ್ನ ಕಿವಿಗೆ ಬಿತ್ತು. ಅದೇ ಸಂಜೆ ನಾನು ನಿನ್ನ ಮೇಲೆ ಬಿದ್ದೆ. "ನಾನು ಹಾಕೋದು ಬಿಳಿಗಾರ ಕಣೆ. ನೀನು ಬಟ್ಟೆ ಒಗೆಯೋಕೆ ಹಾಕ್ತೀಯಲ್ಲ, ಅದೇ ಡಬ್ಬಿ," ಅಂತ ನೀನು ಎಷ್ಟು ಸಲ ಹೇಳಿದೆ! ಡಬ್ಬಿ ತಂದು ಮೇಜಿನ ಮೇಲಿಟ್ಟು ತೋರಿಸಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆಮೇಲೆ ಒಂದು ದಿನ ನೀನು ವಾದ ಮಾಡುವುದನ್ನೇ ಬಿಟ್ಟುಬಿಟ್ಟೆ. ಸುಮ್ಮನಿದ್ದದ್ದನ್ನು ನಾನು ಒಪ್ಪಿಗೆ ಎಂದು ತಿಳಿದೆ. ಗೆದ್ದೆ ಎಂದೂ ಅನ್ನಿಸಿತ್ತು, ದೇವರು ನನ್ನನ್ನು ಕ್ಷಮಿಸಲಿ.

ಇಲ್ಲಿಗೆ ಕಾಗದ ಮುಗಿಸಬಹುದಿತ್ತು. ನೀನು ತಪ್ಪು ಮಾಡಿರಲಿಲ್ಲ, ನಾನು ಸುಳ್ಳು ಆರೋಪ ಹೊರಿಸಿದೆ, ಕ್ಷಮಿಸು, ಇಂತಿ ರಾಗ್ನಾ. ನಿನ್ನೆ ಹಾಗೆಯೇ ಒಂದು ಬರೆದು ಅಂಟಿಸಿಯೂ ಇದ್ದೆ. ಬೆಳಿಗ್ಗೆ ಎದ್ದು ಕೆಟಲ್ಲಿನ ಹಬೆಗೆ ಹಿಡಿದು ಬಿಚ್ಚಿದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು.

ಹಕ್ಕಿಗಳು ಮುಗಿದ ಮೇಲೆ ಜೋಯೆಲ್, "ಪುಕ್ಕ ಇರೋದು ಬೇರೆ ಏನಾದ್ರೂ ಇದ್ಯಾ?" ಎಂದು ಕೇಳಿದಳು. ಲೋಯ್ಸ್ ಹಿಂದಿನ ಕೋಣೆಗೆ ಹೋಗಿ ಆ ಪೆಟ್ಟಿಗೆ ತಂದಳು. ಯಾವುದು ಎಂದು ನಿನಗೆ ಗೊತ್ತು. ಮಾರಿಟ್‌ಗೆಂದು ನಾನು ಹೊಲಿದ ಆರು ಕೈಬೊಂಬೆಗಳು. ಅಜ್ಜಿ, ಮೀನುಗಾರ, ಎರಡು ಆಡುಮರಿ, ಪೋಸ್ಟ್‌ಮ್ಯಾನ್, ಗೂಬೆ. ಮನೆಯಲ್ಲಿ ಇವೆಲ್ಲ ಇರಬಾರದು, ಹೊರಗೆ ಹಾಕು ಎಂದು ನಾನು ಕೂಗಾಡಿದ್ದಕ್ಕೆ ನೀನು ಹಕ್ಕಿಗಳ ಜೊತೆಗೆ ಅವನ್ನೂ ಮ್ಯೂಸಿಯಂಗೆ ಕೊಟ್ಟುಬಂದಿದ್ದೆ. ಆ ಪೆಟ್ಟಿಗೆಯನ್ನು ಪ್ರದರ್ಶನಕ್ಕೆ ಇಡಕೂಡದು ಎಂದು ಲೋಯ್ಸ್ ಹತ್ತಿರ ಮಾತು ತೆಗೆದುಕೊಂಡಿದ್ದೆ. ಒಂಬತ್ತು ವರ್ಷ ಅದೇ ಗೋಡೆಯ ಈಚೆ ಕೂತು ಒಂದು ಸಲವೂ ತೆರೆದಿರಲಿಲ್ಲ. ಮೊನ್ನೆಯೂ ನೋಡಲಾರದೆ ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ. ಬಟ್ಟಲುಗಳನ್ನು ಹಿಡಿದು ಬರುವಾಗ ಜೋಯೆಲ್ ಕೈಗವಸು ಹಾಕಿಕೊಳ್ಳುತ್ತಿದ್ದಳು. ಗೂಬೆಯ ಮುಂದೆ ಯಂತ್ರದ ಅಂಕಿ ಕೊಕ್ಕರೆಯದಕ್ಕಿಂತ ಮೇಲಿತ್ತು.

"ಈ ನೀಲಿ ಪುಕ್ಕ ಎಲ್ಲಿಂದ ಬಂತು, ಯಾರಿಗಾದ್ರೂ ಗೊತ್ತಾ?" ಎಂದಳು. ಹೆಬ್ಬಾತಿನದು, ನಮ್ಮಮ್ಮನ ಹೊಲದ ಮನೆಯಿಂದ ತಂದದ್ದು ಅಂದೆ. ಮೂವತ್ತೆಂಟು ವರ್ಷದ ಹಿಂದೆ ನಿನಗೆ ಹೇಳಿದ್ದ ಸುಳ್ಳು, ಬಾಯಿಪಾಠ ಮಾಡಿದ ಪ್ರಾರ್ಥನೆಯ ಹಾಗೆ ಹೊರಗೆ ಬಂತು.

ಹಾಲ್ವರ್, ಅದು ಹೆಬ್ಬಾತಿನದಲ್ಲ. ಎಂಗ್‌ಸ್ಟ್ರಮ್ ಡಾಕ್ಟರ ಹಳೆ ಗೂಬೆ ನುಸಿ ಹಿಡಿದು ಹಾಳಾಗಿದೆ, ಸುಟ್ಟುಹಾಕಿ ಎಂದು ನೀನು ಥೋರಾಗೆ ಹೇಳಿದ್ದೆಯಲ್ಲ, ಅದೇ ಗೂಬೆ. ಆಗ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಥೋರಾ ಅದನ್ನು ಕಸದ ಡ್ರಮ್ಮಿನ ಪಕ್ಕ ಇಟ್ಟಿದ್ದಳು. ಹೊಟ್ಟೆಯೆಲ್ಲ ಹಾಳಾಗಿತ್ತು, ರೆಕ್ಕೆಗಳು ಮಾತ್ರ ಚೆನ್ನಾಗಿದ್ದವು. ನಮ್ಮ ಮನೆಯಲ್ಲಿ ನಾನು ಬೆಳೆದ ರೀತಿ ನಿನಗೆ ಗೊತ್ತು. ದಾರದ ತುಂಡು, ಬ್ರೆಡ್ಡಿನ ಚೀಲ, ಹರಿದ ಕಾಲುಚೀಲ, ಯಾವುದನ್ನೂ ಎಸೆಯುವುದು ಪಾಪ. ಅಷ್ಟು ಒಳ್ಳೆಯ ರೆಕ್ಕೆ ಬೆಂಕಿಗೆ ಹೋಗುವುದನ್ನು ನೋಡಲಾಗಲಿಲ್ಲ. ಕತ್ತರಿಸಿ ಕೋಟಿನೊಳಗೆ ಇಟ್ಟುಕೊಂಡು ಬಂದೆ. ಮಾರಿಟ್‌ಗೆ ನೀಲಿ ಅಂದರೆ ಪ್ರಾಣ, ಆದ್ದರಿಂದ ಈಸ್ಟರ್ ಮೊಟ್ಟೆಯ ಬಣ್ಣದಲ್ಲಿ ಅದ್ದಿದೆ. ಸುಡು ಅಂದದ್ದನ್ನು ಕದ್ದು ತಂದೆ ಎಂದು ತಿಳಿದರೆ ನೀನು ರೇಗಿಸುತ್ತೀಯ, "ಜಿಪುಣಿ ರಾಗ್ನಾ" ಎಂದು ಅಣ್ಣತಮ್ಮಂದಿರ ಮುಂದೆಲ್ಲ ಹೇಳಿಕೊಂಡು ನಗುತ್ತೀಯ ಎಂದು ಹೆಬ್ಬಾತಿನ ಕಥೆ ಕಟ್ಟಿದೆ. ಅಷ್ಟೇ ಕಾರಣ. ನಗುವಿಗೆ ಹೆದರಿದ್ದು.

ಅವಳು ಆ ಗೂಬೆಯಿಲ್ಲದೆ ಮಲಗುತ್ತಿರಲಿಲ್ಲ. ನಿದ್ದೆ ಬರುವ ತನಕ ರೆಕ್ಕೆಯ ತುದಿ ಚೀಪುತ್ತಿದ್ದಳು, ಬೆಳಿಗ್ಗೆ ತುಟಿ ನೀಲಿಯಾಗಿರುತ್ತಿತ್ತು. ನಾವಿಬ್ಬರೂ ನಕ್ಕು ಒರೆಸುತ್ತಿದ್ದೆವು. ಜ್ವರ ಬಂದ ಮೇಲೆ ಊಟ ಬೇಡವೆಂದು ಹಠ ಹಿಡಿದಾಗ ನಾನು ಗೂಬೆಯನ್ನು ಕೈಗೆ ಹಾಕಿಕೊಂಡು, ಗೂಬೆಯ ದನಿಯಲ್ಲಿ ಮಾತಾಡಿ ಸೂಪು ಕುಡಿಸುತ್ತಿದ್ದೆ. ಎರಡೂವರೆ ತಿಂಗಳು ದಿನಕ್ಕೆ ಮೂರು ಸಲ, ಆ ರೆಕ್ಕೆಯಿಂದಲೇ ಅವಳ ಬಾಯಿ ಒರೆಸಿದ್ದೇನೆ.

ಜೋಯೆಲ್ ಕಾರಿಗೆ ಸಾಮಾನು ತುಂಬುವಾಗ ಹಿಂದೆ ಹೋಗಿ ಎಲ್ಲವನ್ನೂ ಹೇಳಿದೆ. ಪಾಪ, ಮೊಮ್ಮಗಳ ವಯಸ್ಸಿನವಳು, ಬಾನೆಟ್ಟಿನ ಮೇಲೆ ಕೈಯೂರಿ ನಿಂತುಬಿಟ್ಟಳು. "ಅದರಿಂದಲೇ ಆಯ್ತು ಅಂತ ಯಾರೂ ಹೇಳೋಕಾಗಲ್ಲ, ಮಿಸೆಸ್ ಬ್ರೆಕ್ಕೆ. ಆಗಲಿಲ್ಲ ಅಂತಾನೂ ಹೇಳೋಕಾಗಲ್ಲ. ಆವತ್ತು ಪರೀಕ್ಷೆ ಮಾಡಿದ್ರೆ ಗೊತ್ತಾಗ್ತಿತ್ತು," ಅಂದಳು. ನಿಜ ಹೇಳಿದ ಹುಡುಗಿ. ಸಮಾಧಾನಕ್ಕೊಂದು ಸುಳ್ಳು ಹೇಳಿದ್ದರೆ ಅವಳನ್ನು ಅಲ್ಲೇ ಬೈಯುತ್ತಿದ್ದೆ.

ಗೊತ್ತಾಗುವುದಿಲ್ಲ ಎಂಬ ಇಷ್ಟು ರಿಯಾಯಿತಿಯನ್ನೂ ನಾನು ಅಂದು ನಿನಗೆ ಕೊಡಲಿಲ್ಲ. ನನಗೆ ಯಾರನ್ನಾದರೂ ಹಿಡಿದು ನಿಲ್ಲಿಸಿ ಕೇಳಬೇಕಿತ್ತು. ದೇವರನ್ನು ಕೇಳಲು ಹೆದರಿಕೆ. ವೈದ್ಯರು ನೂರು ಮೈಲಿ ದೂರ. ನೀನು ಅಡುಗೆಮನೆಯಲ್ಲೇ ಇದ್ದೆ. ನೀನು ಹಕ್ಕಿ ಮಾಡುತ್ತಿದ್ದ ಗುಡಿಸಲಲ್ಲಿ ಕತ್ತರಿ, ತಂತಿ, ಗಾಜಿನ ಕಣ್ಣುಗಳ ಡಬ್ಬಿ ಎಲ್ಲ ಸಾಕ್ಷಿಗೆ ಸಿಕ್ಕವು. ಮಗು ಹೋದ ದುಃಖಕ್ಕೆ ನೀನು ಒಂದು ದಿನವೂ ನೆಮ್ಮದಿಯಾಗಿ ಅಳಲು ನಾನು ಬಿಡಲಿಲ್ಲ. ಅವಳ ಹುಟ್ಟುಹಬ್ಬದ ದಿನ ಸಮಾಧಿಗೆ ಬರಬೇಡ ಅಂದೆ. ನೀನು ಬೇಲಿಯ ಹೊರಗೆ ಟ್ರಕ್ಕಿನಲ್ಲಿ ಕೂತಿದ್ದದ್ದನ್ನು ನೋಡಿಯೂ ನೋಡದವಳ ಹಾಗೆ ಬಂದೆ.

ನಾಳೆ ಮಂಗಳವಾರ ಮಂಡಳಿಯ ಸಭೆಯಲ್ಲಿ ಇದನ್ನೆಲ್ಲ ಎದ್ದು ನಿಂತು ಹೇಳುತ್ತೇನೆ. ಒಂಬತ್ತು ವರ್ಷ ಅದೇ ಜಾಗದಲ್ಲಿ ನಿಂತು ನಿನ್ನ ಹೆಸರು ಕೆಡಿಸಿದ್ದೇನೆ, ಅಲ್ಲಿಯೇ ಸರಿಮಾಡಬೇಕು. ಲೋಯ್ಸ್ ಬೇಡ ಎನ್ನುತ್ತಾಳೆ. "ಎಪ್ಪತ್ತೆರಡು ವರ್ಷ ಆಯ್ತು ನಿನಗೆ. ಯಾರಿಗೆ ಬೇಕೇ ಇದು? ಮನೇಲಿ ಕೂತು ಅಳು, ನಾನೂ ಬರ್ತೀನಿ," ಅಂದಳು. ಅವಳು ಬರಲಿ, ಅಳೋಣ. ಆದರೆ ಹೇಳುವುದನ್ನು ಬಿಡುವುದಿಲ್ಲ. ನಿನ್ನ ಹಕ್ಕಿಗಳು ಕಪಾಟಿನಲ್ಲೇ ಇರುತ್ತವೆ, ನಿನ್ನ ಹೆಸರಿನ ಫಲಕದೊಂದಿಗೆ.

ನನ್ನನ್ನು ಕ್ಷಮಿಸು ಎಂದು ಮೊದಲಲ್ಲೇ ಕೇಳಿದೆ. ಈಗ ಇಷ್ಟು ಬರೆದ ಮೇಲೆ ಕೇಳಲು ಬಾಯಿ ಬರುವುದಿಲ್ಲ. ಬೈದಾದರೂ ನಾಲ್ಕು ಸಾಲು ಬರೆ. ನನಗೆ ನಾನೇ ಹೇಳಿಕೊಂಡದ್ದಕ್ಕಿಂತ ಕೆಟ್ಟದ್ದನ್ನು ನೀನು ಹೇಳಲಾರೆ, ಅಷ್ಟು ಕೆಟ್ಟ ಮಾತು ನಿನಗೆ ಬರುವುದೂ ಇಲ್ಲ. ನೀನು ಬರೆಯದಿದ್ದರೂ ಸರಿ, ಆದರೆ ನಿನ್ನ ಕೈಯಿಂದ ಏನೂ ಆಗಲಿಲ್ಲ ಎನ್ನುವುದನ್ನು ತಿಳಿದುಕೋ. ರಾತ್ರಿ ನಿದ್ದೆ ಬಾರದೆ ಇಷ್ಟು ವರ್ಷ ಆ ಅನುಮಾನ ನಿನ್ನನ್ನು ತಿಂದಿದ್ದರೆ, ಅದನ್ನು ಇವತ್ತು ಕೆಳಗಿಡು. ಅದು ನನ್ನದು, ನನಗೆ ಕೊಡು.

ಇನ್ನೂ ನಿನ್ನ ಮನೆತನದ ಹೆಸರಲ್ಲೇ ಇರುವ,
ರಾಗ್ನಾ ಬ್ರೆಕ್ಕೆ

ತಾ.ಕ. ಬುಧವಾರ. ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ನಿನ್ನೆ ಸಭೆ ಆಯಿತು, ಹೇಳಿದೆ, ಯಾರೂ ಕೇಕ್ ಮುಟ್ಟಲಿಲ್ಲ. ಪಾಷಾಣ ಸಿಕ್ಕ ಪ್ರತಿ ವಸ್ತುವಿನ ಕಾರ್ಡಿನ ಹಿಂದೆ ಪೆನ್ಸಿಲ್ಲಿನಲ್ಲಿ ಎಚ್ಚರಿಕೆ ಬರೆಯಬೇಕೆಂದು ಜೋಯೆಲ್ ಹೇಳಿಹೋಗಿದ್ದಳು. ಇವತ್ತು ಆ ಕೆಲಸಕ್ಕೆ ಕೂತೆ. ಗೂಬೆಯ ಕಾರ್ಡಿನ ಮುಂದುಗಡೆ ಥೋರಾ ಟೈಪು ಮಾಡಿದ್ದಾಳೆ: ಕೈಬೊಂಬೆ, ಮಾಡಿದವರು ರಾಗ್ನಾ ಬ್ರೆಕ್ಕೆ, ಮ್ಯೂಸಿಯಂಗೆ ಬಂದದ್ದು ಜೂನ್ 11, 1983. ಬರೆಯೋಣವೆಂದು ತಿರುಗಿಸಿದರೆ ಹಿಂದೆ ನಿನ್ನ ಅಕ್ಷರವಿತ್ತು. "ರೆಕ್ಕೆ ಡಾಕ್ಟರ ಗೂಬೆಯದು. ಬಣ್ಣ ಕೆರೆದು ನೋಡಿದೆ. ಪಾಷಾಣವಿದೆ, ಮಕ್ಕಳ ಕೈಗೆ ಕೊಡಬೇಡ. ಥೋರಾ, ರಾಗ್ನಾಗೆ ಇದನ್ನು ಎಂದಿಗೂ ಹೇಳಬೇಡ. ನಾನೇ ಅಂತ ತಿಳಿದುಕೊಂಡಿರಲಿ."

ನೀನು ಮನೆ ಬಿಟ್ಟದ್ದು ಸೆಪ್ಟೆಂಬರಿನಲ್ಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ, ಹಾಲ್ವರ್, ದಿನಾ ಊಟದ ಮೇಜಿನಲ್ಲಿ ನಾನು ನಿನ್ನನ್ನು ಕೊಲೆಗಾರ ಅಂದೆ. ನೀನು ಆಲೂಗಡ್ಡೆಯ ಬಟ್ಟಲನ್ನು ನನ್ನ ಕಡೆಗೆ ಸರಿಸಿ, ತಿನ್ನು ರಾಗ್ನಾ, ಆರಿಹೋಗುತ್ತೆ ಅನ್ನುತ್ತಿದ್ದೆ.