ಹೆಡರಿನೊಳಗಿನ ಸ್ಟ್ಯಾಟಿಕ್

ಜೂನ್ 9, ಬೆಳಿಗ್ಗೆ

…ಅಲ್ಲ, ಎಷ್ಟು ಹೊಗಳಿದರೂ ಸಾಲದು. ಕೋಡಿಂಗ್ ಗ್ರೂಪಿನಲ್ಲಿ ಎಲ್ಲರ ಎರರ್ ಬಿಡಿಸುವ, ನಾವೆಲ್ಲ ‘ಪಾಯಿಂಟರ್ ಅಣ್ಣ’ ಅಂತ ಕರೆಯುವವರು ಈಗ ನನ್ನ ಟೀಮ್ ಲೀಡ್! ಪಕ್ಕದ ಮೇಜು!!

ಮೊಣಕಾಲಿನ ಆಪರೇಶನ್ ಆದವರ ಕಾಲು ಮಡಿಸಿ ಬಿಡಿಸುವ ಮಿಷನ್ ನಮ್ಮದು. ಅದರ ಉದ್ದನೆಯ ಕೋಡ್ ಒಡೆದು ಬಟನ್ ಫೈಲ್, ಮೋಟಾರ್ ಫೈಲ್ ಮಾಡಿದೆ. ಎರಡಕ್ಕೂ ಬೇಕಾದ ಸ್ಟಾಪ್ ಫ್ಲ್ಯಾಗ್, ಅಂದರೆ ‘ನಿಲ್ಲು’ ಅನ್ನುವ ಗುರುತನ್ನು, ಎರಡೂ ಫೈಲ್ ಕರೆದುಕೊಳ್ಳುವ ಹೆಡರ್ ಫೈಲಿಗೆ ಹಾಕಿದೆ. ಎಲ್ಲ ಸೇರಿಸಿ ಪ್ರೋಗ್ರಾಂ ಕಟ್ಟಲು ಹೋದರೆ, ಬಿಲ್ಡ್ ಫೇಲ್. ಒಂದೇ ಹೆಸರು ಎರಡು ಕಡೆ ಇದೆಯಂತೆ. ಅಣ್ಣ ಬಗ್ಗಿ, ಫ್ಲ್ಯಾಗ್ ಮುಂದೆ ‘ಸ್ಟ್ಯಾಟಿಕ್’ ಅಂತ ಒಂದೇ ಪದ ಸೇರಿಸಿದರು. ಪಾಸ್!

"ನೋಡಿದ್ಯಾ ಮರಿ? ಹೂ ಎತ್ತಿದಷ್ಟು ಸಲೀಸು."

ಬಾಸ್ ಅಂದರೆ ಬಾಸ್.

ಜೂನ್ 12, ಮಧ್ಯಾಹ್ನ

ಟೆಸ್ಟಿಗೆ ಮಿಷನ್ನಿಗೆ ಮರದ ಕಾಲು ಕಟ್ಟಿ ಓಡಿಸಿದೆ. ಸ್ಟಾಪ್ ಒತ್ತಿದೆ. ನಿಲ್ಲಲಿಲ್ಲ. ಮತ್ತೆ ಒತ್ತಿದೆ. ಮಡಿಯುತ್ತಲೇ ಇತ್ತು… ಪ್ಲಗ್ ಕಿತ್ತೆ.

"ಬಟನ್ ಲೂಸ್ ಇರುತ್ತೆ ಬಿಡೋ," ಅಂದರು ಅಣ್ಣ.

ಬಟನ್ ಬದಲಾಯಿಸಿದೆ. ಅದೇ ಕಥೆ.

ಜೂನ್ 13, ಬೆಳಿಗ್ಗೆ

ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಎರಡೂ ಫೈಲಿನಿಂದ ಫ್ಲ್ಯಾಗಿನ ಅಡ್ರೆಸ್, ಅಂದರೆ ಮೆಮೊರಿಯಲ್ಲಿ ಅದು ಕೂತ ಜಾಗ, ಪ್ರಿಂಟ್ ಮಾಡಿದೆ. ಬೇರೆ ಬೇರೆ! ಅಂದರೆ ಫ್ಲ್ಯಾಗ್ ಒಂದಲ್ಲ, ಎರಡು! ಹೆಡರನ್ನು ಯಾವ ಫೈಲ್ ಕರೆದರೂ ಆ ಫೈಲಿಗೆ ಅದರ ನಕಲೊಂದು ಹಾಗೇ ಅಂಟಿಕೊಳ್ಳುತ್ತದೆ. ಸ್ಟ್ಯಾಟಿಕ್ ಅಂದರೆ ‘ಇದು ನನ್ನದು ಮಾತ್ರ’. ಬಟನ್ ತನ್ನ ಫ್ಲ್ಯಾಗಿನಲ್ಲಿ ‘ನಿಲ್ಲು’ ಅಂತ ಬರೆಯುತ್ತದೆ, ಮೋಟಾರ್ ತನ್ನದನ್ನು ನೋಡಿಕೊಂಡು ತಿರುಗುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಹೆಡರಿನಲ್ಲಿ ‘ಎಕ್ಸ್‌ಟರ್ನ್’, ಅಂದರೆ ‘ಇದು ಬೇರೆ ಕಡೆ ಇದೆ’ ಅಂತ ಹೇಳಿ, ನಿಜವಾದ ಫ್ಲ್ಯಾಗ್ ಒಂದೇ ಫೈಲಿನಲ್ಲಿಟ್ಟರೆ ಮುಗಿಯಿತು.

ಅಣ್ಣನಿಗೆ ತೋರಿಸಿದೆ. ಮುಖ ಗಂಟು.

"ಕೋಡ್ ಫ್ರೀಜ್ ಆಗಿದೆ, ಇನ್ನು ಬದಲಾಯಿಸೋ ಹಾಗಿಲ್ಲ. ಹೆಡರ್ ಮುಟ್ಟಿದ್ರೆ ಎಲ್ಲಾ ಟೆಸ್ಟೂ ಮೊದಲಿಂದ. ಮಧ್ಯಾಹ್ನ ಕ್ಲೈಂಟ್ ಮುಂದೆ ಡೆಮೋ, ಪೇಶೆಂಟ್ ಬರ್ತಾರೆ."

"ಅಲ್ಲಣ್ಣ, ಸ್ಟಾಪೇ ಕೆಲ್ಸ ಮಾಡಲ್ಲ—"

"ನಿನ್ನೆ ಮೊನ್ನೆ ಬಂದೋನು, ನಂಗೇ ಹೆಡರ್ ಪಾಠನಾ? ಪ್ಲಗ್ ಹತ್ರ ನಾನೇ ನಿಂತಿರ್ತೀನಿ. ಸಾಕಾ?"

ಸಾಕು ಅಂದೆ. ಯಾಕೆ ಅಂದೆ?

ಜೂನ್ 13, ಮಧ್ಯಾಹ್ನ

ಪೇಶೆಂಟ್ ಅಜ್ಜಿ ಬಂದರು, ಗಾಲಿಕುರ್ಚಿಯಲ್ಲಿ. ಹೊಲಿಗೆ ಇನ್ನೂ ಬಿಚ್ಚಿಲ್ಲ.

"ಏನಪ್ಪಾ, ನನ್ ಕಾಲನ್ನ ಕೊಡೆ ಥರ ಮಡಚಿ ಮೂಲೆಗೆ ಇಡಲ್ಲ ತಾನೇ?"

ಎಲ್ಲರೂ ನಕ್ಕರು.

ಥೆರಪಿಸ್ಟ್ ಅಕ್ಕ ಬೆಲ್ಟ್ ಬಿಗಿದರು. "ನೋವಾದ್ರೆ ಈ ಕೆಂಪು ಬಟನ್ ಒತ್ತಿ ಅಜ್ಜಿ, ತಕ್ಷಣ ನಿಲ್ಲುತ್ತೆ."

ಅಣ್ಣನ ಕಡೆ ನೋಡಿದೆ. ಪ್ಲಗ್ ಹತ್ತಿರ ಇಲ್ಲ. ಕ್ಲೈಂಟ್ ಜೊತೆ ಸೆಲ್ಫಿಗೆ ನಿಂತಿದ್ದಾರೆ.

ಮಿಷನ್ ಶುರುವಾಗುವ ಮೊದಲೇ, ನಾನು ಯೋಚಿಸುವ ಮೊದಲೇ, ಕೈ ಕೆಲಸ ಮಾಡಿತು. ಮಿಷನ್ನಿನ ಫ್ಯೂಸ್ ಈಗ ನನ್ನ ಜೇಬಿನಲ್ಲಿದೆ. ನಾನು ಸ್ಟೋರ್ ರೂಮಿನಲ್ಲಿ, ಒಳಗಿನಿಂದ ಚಿಲಕ. ಕೆಲಸ ಹೋಯಿತು ಅಂತಲೇ ಲೆಕ್ಕ.

ಅಣ್ಣ ಬಾಗಿಲು ಬಡಿಯುತ್ತಿದ್ದಾರೆ. "ಏಯ್ ಮರಿ, ಫ್ಯೂಸ್ ಕೊಡೋ! ಮರ್ಯಾದೆ ತೆಗೀಬೇಡ!"

ಕೊಡುತ್ತೇನೆ ಅಣ್ಣ, ಖಂಡಿತ. ಆದರೆ ಮೊದಲು ಅಜ್ಜಿಯ ಬೆಲ್ಟ್ ಬಿಚ್ಚಿ, ಅಲ್ಲಿ ನಿಮ್ಮ ಕಾಲು ಇಡ್ತೀರಾ?